ಇಂಗ್ಲಿಷ್ ಸುದ್ದಿಯ ‘ಹೆಲ್ಡ್’: ಕನ್ನಡ ಡೆಸ್ಕಿನಲ್ಲಿ ಕೂತವರಿಗೊಂದು ಕೈಪಿಡಿ

ಏಜೆನ್ಸಿಯಿಂದ ಬಂದ ಇಂಗ್ಲಿಷ್ ಕಾಪಿಯನ್ನು ಹತ್ತು ನಿಮಿಷದಲ್ಲಿ ಕನ್ನಡಕ್ಕೆ ತಿರುಗಿಸುವವರಿಗೆ ದೊಡ್ಡ ದೊಡ್ಡ ಪದಗಳಿಂದ ಅಂಥ ತೊಂದರೆಯೇನಿಲ್ಲ. ‘ಮೊರಟೋರಿಯಂ’ ಎದುರಾದರೆ ನಿಘಂಟು ತೆರೆಯುತ್ತೀರಿ, ‘ಸಬ್ ಜುಡಿಸ್’ ಬಂದರೆ ಪಕ್ಕದ ಕುರ್ಚಿಯವರನ್ನು ಕೇಳುತ್ತೀರಿ. ಕೈಕೊಡುವುದು ಪ್ರಾಥಮಿಕ ಶಾಲೆಯಲ್ಲೇ ಕಲಿತ ಪುಟ್ಟ ಕ್ರಿಯಾಪದಗಳು. ಗೊತ್ತಿದೆ ಎಂಬ ಧೈರ್ಯದಲ್ಲಿ ಅವುಗಳ ಮುಂದೆ ಯಾರೂ ನಿಲ್ಲುವುದಿಲ್ಲ.

ಅಂಥವುಗಳಲ್ಲಿ ‘ಹೋಲ್ಡ್’ ಮತ್ತು ಅದರ ಭೂತರೂಪ ‘ಹೆಲ್ಡ್’ ಬಲು ತುಂಟ. ಒಂದೇ ದಿನದ ಇಂಗ್ಲಿಷ್ ಪತ್ರಿಕೆಯಲ್ಲಿ ಪೊಲೀಸರು, ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕ್, ಜಲಾಶಯ, ವಿಕೆಟ್ ಕೀಪರ್ ಎಲ್ಲರೂ ‘ಹೋಲ್ಡ್’ ಮಾಡುತ್ತಿರುತ್ತಾರೆ. ಐವರೂ ಮಾಡುವ ಕೆಲಸ ಬೇರೆ ಬೇರೆ. ಕೆಲವು ಕಡೆ ತಪ್ಪಿದರೆ ವಾಕ್ಯ ಸೊಟ್ಟಗಾಗುತ್ತದೆ, ಅಷ್ಟೆ. ಇನ್ನು ಕೆಲವು ಕಡೆ ತಪ್ಪಿದರೆ ವಕೀಲರ ನೋಟಿಸು ಬರುತ್ತದೆ. ಹೊಸದಾಗಿ ಡೆಸ್ಕಿಗೆ ಬಂದವರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಸುದ್ದಿ ಅನುವಾದದ ಕೆಲಸ ಹಿಡಿದವರು ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಯಾರು, ಏನನ್ನು?

‘ಹೆಲ್ಡ್’ ಕಂಡ ತಕ್ಷಣ ಕನ್ನಡ ಪದ ಹುಡುಕಬೇಡಿ. ಅದರ ಕರ್ತೃ ಯಾರು, ಕರ್ಮ ಏನು ಎಂದು ಮೊದಲು ಗುರುತಿಸಿ. ಪೊಲೀಸರು ಮನುಷ್ಯರನ್ನು ‘ಹೆಲ್ಡ್’ ಮಾಡಿದ್ದರೆ ಅದು ವಶ ಇಲ್ಲವೇ ಬಂಧನ. ಕೋರ್ಟಿನ ಮುಂದೆ ‘ಹೆಲ್ಡ್ ದಟ್’ ಎಂದಿದ್ದರೆ ತೀರ್ಪು. ಸಭೆ, ಚುನಾವಣೆ, ಮಾತುಕತೆಯ ಜತೆ ಬಂದರೆ ನಡೆಯುವುದು. ಕುರ್ಚಿ, ಖಾತೆ, ಷೇರಿನ ಜತೆ ಬಂದರೆ ಹೊಂದಿರುವುದು. ಬಡ್ಡಿದರವೋ ಕದನ ವಿರಾಮವೋ ಇದ್ದರೆ, ಇದ್ದದ್ದು ಹಾಗೇ ಇದೆ ಎಂದು ಅರ್ಥ. ಕರ್ತೃ ಮತ್ತು ಕರ್ಮ ಸಿಕ್ಕ ಮೇಲೆ ಕನ್ನಡದ ಕ್ರಿಯಾಪದ ತಾನಾಗಿ ನಾಲಿಗೆಗೆ ಬರುತ್ತದೆ.

ಇಂಗ್ಲಿಷ್ ತಲೆಬರಹದಲ್ಲಿ ಮಾತ್ರ ಇದು ಅಷ್ಟು ಸಲೀಸಲ್ಲ. ಅಲ್ಲಿ ‘ವರ್’, ‘ವಾಸ್’ ಮುಂತಾದ ಸಹಾಯಕ ಕ್ರಿಯಾಪದಗಳನ್ನು ಕತ್ತರಿಸಿ ಎಸೆದಿರುತ್ತಾರೆ. ‘ಟೂ ಹೆಲ್ಡ್ ಟಾಕ್ಸ್’ ಎಂದರೆ ಇಬ್ಬರು ಮಾತುಕತೆ ನಡೆಸಿದರು. ‘ಟೂ ಹೆಲ್ಡ್ ಆಫ್ಟರ್ ಟಾಕ್ಸ್’ ಎಂದರೆ ಮಾತುಕತೆ ಮುಗಿದ ಮೇಲೆ ಇಬ್ಬರನ್ನು ಹಿಡಿದರು. ನಡುವಿನ ಒಂದು ಪದ ಮಾತಾಡಲು ಹೋದವರನ್ನು ಠಾಣೆಗೆ ಕಳಿಸಿದೆ. ‘ಹೆಲ್ಡ್’ ಆದ ಕೂಡಲೇ ‘ಫಾರ್’, ‘ಇನ್’, ‘ವಿತ್’, ‘ಆಫ್ಟರ್’ ಬಂದರೆ ಅದು ಕರ್ಮಣಿ ಪ್ರಯೋಗವೆಂದು ಮೊದಲು ಅನುಮಾನಿಸಿ, ಆಮೇಲೆ ಮೊದಲ ಪ್ಯಾರಾ ಓದಿ ಖಚಿತಪಡಿಸಿಕೊಳ್ಳಿ. ತಲೆಬರಹವೊಂದನ್ನೇ ನೋಡಿ ಟಿವಿಯ ಸ್ಕ್ರಾಲ್‌ಗೆ ಬರೆದುಬಿಡುವ ಅಭ್ಯಾಸ ಅಪಾಯದ್ದು.

ಇಂಗ್ಲಿಷ್ ಡೆಸ್ಕಿನವರಿಗೆ ಈ ಪದದ ಮೇಲೆ ಯಾಕಿಷ್ಟು ಮೋಹ ಎಂದರೆ ಅದರ ಉದ್ದ. ‘ಅರೆಸ್ಟೆಡ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಂಟು ಅಕ್ಷರ ಬೇಕು, ‘ಹೆಲ್ಡ್’ಗೆ ನಾಲ್ಕು ಸಾಕು. ಒಂದು ಕಾಲಂ ಅಗಲದಲ್ಲಿ ತಲೆಬರಹ ಕೂರಿಸುವವರಿಗೆ ನಾಲ್ಕು ಅಕ್ಷರದ ಉಳಿತಾಯವೆಂದರೆ ಸಣ್ಣದಲ್ಲ. ಅವರ ಜಾಗದ ಸಮಸ್ಯೆಯನ್ನು ನಾವು ಅರ್ಥದ ಸಮಸ್ಯೆ ಮಾಡಿಕೊಳ್ಳಬೇಕಿಲ್ಲ.

ಎರಡನೆಯದು: ಪೊಲೀಸ್ ಸುದ್ದಿ

ಇಲ್ಲಿ ನಿಧಾನ ಮಾಡಿ. ‘ಹೆಲ್ಡ್’ ಎನ್ನುವುದು ವಶಕ್ಕೆ ಪಡೆದದ್ದನ್ನೂ ಬಂಧಿಸಿದ್ದನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಕನ್ನಡದಲ್ಲಿ ಇವೆರಡೂ ಬೇರೆ, ಕಾನೂನಿನಲ್ಲೂ ಬೇರೆ. ಬಂಧಿಸಿದ ವ್ಯಕ್ತಿಯನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಎದುರು ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆದ್ದರಿಂದ ‘ಬಂಧನ’ ಎಂದು ಬರೆದ ಗಳಿಗೆಯಲ್ಲಿ ಒಂದು ಕಾನೂನು ಪ್ರಕ್ರಿಯೆ ಶುರುವಾಗಿದೆ ಎಂದು ನೀವು ಓದುಗರಿಗೆ ಹೇಳಿದಂತಾಯಿತು. ವಿಚಾರಿಸಲು ಠಾಣೆಗೆ ಕರೆದೊಯ್ದವರ ಬಗ್ಗೆ ಹಾಗೆ ಬರೆದರೆ, ಸಂಜೆ ಅವರು ಮನೆಗೆ ಮರಳಿದ ಮೇಲೆ ನಿಮ್ಮ ಸುದ್ದಿ ಸುಳ್ಳಾಗುತ್ತದೆ.

ಹಾಗಾಗಿ ಕಾಪಿಯಲ್ಲಿ ‘ಹೆಲ್ಡ್’ ಇದ್ದರೆ ಕೆಳಗಿನ ಪ್ಯಾರಾಗಳಲ್ಲಿ ‘ಅರೆಸ್ಟೆಡ್’ ಎಂದೋ ‘ಡಿಟೇನ್ಡ್’ ಎಂದೋ ಇದೆಯಾ ಹುಡುಕಿ. ಮೊದಲನೆಯದಿದ್ದರೆ ಬಂಧನ, ಎರಡನೆಯದಿದ್ದರೆ ವಶ. ಎರಡೂ ಇಲ್ಲದಿದ್ದರೆ ವರದಿಗಾರರಿಗೆ ಫೋನ್ ಮಾಡಿ. ಅವರೂ ಸಿಗದಿದ್ದರೆ ‘ವಶಕ್ಕೆ ಪಡೆದಿದ್ದಾರೆ’ ಎಂದೇ ಬರೆಯಿರಿ. ವಶವನ್ನು ನಾಳೆ ಬಂಧನ ಎಂದು ಬೆಳೆಸಬಹುದು, ಬಂಧನವನ್ನು ವಶಕ್ಕೆ ಇಳಿಸಿದರೆ ತಿದ್ದುಪಡಿ ಹಾಕಬೇಕಾಗುತ್ತದೆ. ಪ್ರತಿಭಟನೆಯ ಸುದ್ದಿಯಲ್ಲಿ ‘ಐವತ್ತು ಮಂದಿ ಹೆಲ್ಡ್’ ಎಂದಿದ್ದರೆ ಸಾಮಾನ್ಯವಾಗಿ ಬಸ್ಸಿಗೆ ಹತ್ತಿಸಿ, ಯಾವುದೋ ಮೈದಾನದಲ್ಲಿ ಕೂರಿಸಿ, ಸಂಜೆಗೆ ಬಿಟ್ಟ ಕತೆ. ಅದಕ್ಕೆ ‘ವಶಕ್ಕೆ ಪಡೆದು ಬಳಿಕ ಬಿಡುಗಡೆ ಮಾಡಿದರು’ ಎಂಬುದು ಸರಿಹೊಂದುತ್ತದೆ.

ಹದಿನೆಂಟು ತುಂಬದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2015ರ ಬಾಲ ನ್ಯಾಯ ಕಾಯ್ದೆ ಮಕ್ಕಳ ವಿಷಯದಲ್ಲಿ ‘ಅರೆಸ್ಟ್’ ಎಂಬ ಮಾತನ್ನು ಬೇಕೆಂದೇ ದೂರವಿಟ್ಟಿದೆ. ‘ಬಾಲಕನನ್ನು ವಶಕ್ಕೆ ಪಡೆಯಲಾಗಿದೆ’ ಎಂದರೆ ಸಾಕು. ಹೆಸರು, ಶಾಲೆ, ಮನೆಯ ವಿಳಾಸ ಬರೆಯುವಂತಿಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಅದನ್ನು ನಿಷೇಧಿಸುತ್ತದೆ.

ಮುಂದಿನ ಗುಂಡಿ ‘ಫಾರ್’. ‘ಟೂ ಹೆಲ್ಡ್ ಫಾರ್ ಮರ್ಡರ್’ ಎಂಬುದನ್ನು ‘ಕೊಲೆ ಮಾಡಿದ್ದ ಇಬ್ಬರ ಬಂಧನ’ ಎಂದು ಬರೆದರೆ ನ್ಯಾಯಾಧೀಶರ ಕೆಲಸವನ್ನು ನೀವೇ ಮುಗಿಸಿಕೊಟ್ಟಂತೆ. ಕನ್ನಡ ತಲೆಬರಹಕ್ಕೆ ಒಂದು ಒಳ್ಳೆಯ ಅನುಕೂಲವಿದೆ: ವಿವರಣ ಚಿಹ್ನೆ. ‘ಕೊಲೆ ಪ್ರಕರಣ: ಇಬ್ಬರ ಬಂಧನ’. ಕೊಲೆಯೂ ಇಬ್ಬರೂ ಚಿಹ್ನೆಯ ಎರಡು ಬದಿಯಲ್ಲಿ ಉಳಿದರು, ಆರೋಪ ಆರೋಪವಾಗಿಯೇ ಉಳಿಯಿತು, ಜಾಗವೂ ಉಳಿಯಿತು.

ಜೈಲಿನಲ್ಲಿರುವವರ ಬಗ್ಗೆಯೂ ‘ಹೆಲ್ಡ್’ ಬರುತ್ತದೆ. ‘ಈಸ್ ಬೀಯಿಂಗ್ ಹೆಲ್ಡ್ ಅಟ್ ಪರಪ್ಪನ ಅಗ್ರಹಾರ’ ಎಂದಿದ್ದರೆ ‘ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿದ್ದಾರೆ’ ಎಂದು ಮುಗಿಸಿ. ‘ಇರಿಸಲಾಗಿದೆ’ ಕೂಡ ಬೇಡ. ಆದರೆ ಪೊಲೀಸ್ ಕಸ್ಟಡಿಯೋ ನ್ಯಾಯಾಂಗ ಬಂಧನವೋ ಎಂಬುದನ್ನು ಬಿಡಬೇಡಿ. ಒಂದರಲ್ಲಿ ಆರೋಪಿ ತನಿಖಾಧಿಕಾರಿಯ ಕೈಯಲ್ಲಿರುತ್ತಾನೆ, ಇನ್ನೊಂದರಲ್ಲಿ ಜೈಲಿನಲ್ಲಿ.

ಅಪಹರಣಕಾರರು ‘ಹೋಲ್ಡ್’ ಮಾಡಿದರೆ ‘ಬಂಧನ’ ಪದವನ್ನು ಮುಟ್ಟಲೇಬೇಡಿ. 2000ದ ಜುಲೈ 30ರಂದು ದೊಡ್ಡ ಗಾಜನೂರಿನಿಂದ ವೀರಪ್ಪನ್ ಅಪಹರಿಸಿದ ರಾಜಕುಮಾರ್ 108 ದಿನಗಳ ಬಳಿಕ ನವೆಂಬರ್ 15ರಂದು ಬಿಡುಗಡೆಯಾದರು. ಇಂಗ್ಲಿಷಿನಲ್ಲಿ ಆ ದಿನಗಳನ್ನು ‘ಹೆಲ್ಡ್ ಕ್ಯಾಪ್ಟಿವ್’ ಎಂದರೆ ನಮ್ಮಲ್ಲಿ ಒತ್ತೆ, ಸೆರೆ ಎಂಬ ಗಟ್ಟಿ ಮಾತುಗಳಿವೆ. ಬಂಧನವನ್ನು ಕಾನೂನಿನ ಕೈಗೆ ಮೀಸಲಿಡುವುದು ಒಳ್ಳೆಯದು.

ಮೂರನೆಯದು: ಕೋರ್ಟು ‘ಹೆಲ್ಡ್’ ಎಂದಾಗ

ಡೆಸ್ಕುಗಳಲ್ಲಿ ಹೆಚ್ಚು ಸವೆದ ಪದಗಳಲ್ಲಿ ‘ಅಭಿಪ್ರಾಯಪಟ್ಟಿದೆ’ ಒಂದು. ಕೋರ್ಟು ಏನೇ ಹೇಳಲಿ, ಅಭಿಪ್ರಾಯಪಡುತ್ತದೆ. ವಿಚಾರಣೆಯ ಮಧ್ಯೆ ನ್ಯಾಯಮೂರ್ತಿ ವಕೀಲರಿಗೆ ಕೇಳಿದ ಪ್ರಶ್ನೆಯೂ ಅಭಿಪ್ರಾಯ, ಐನೂರು ಪುಟದ ತೀರ್ಪಿನ ಸಾರವೂ ಅಭಿಪ್ರಾಯ. ಓದುಗರಿಗೆ ಯಾವುದು ಪಾಲಿಸಬೇಕಾದ ಆದೇಶ, ಯಾವುದು ಬಾಯಿಮಾತು ಎಂದೇ ತಿಳಿಯುವುದಿಲ್ಲ.

ಇಂಗ್ಲಿಷ್ ಕೋರ್ಟು ವರದಿಯಲ್ಲಿ ‘ಅಬ್ಸರ್ವ್ಡ್’, ‘ರಿಮಾರ್ಕ್ಡ್’ ಒಂದು ತೂಕ, ‘ಹೆಲ್ಡ್’ ಇನ್ನೊಂದು ತೂಕ. ಕಾನೂನಿನ ಪ್ರಶ್ನೆಯೊಂದನ್ನು ಎದುರಿಗಿಟ್ಟುಕೊಂಡು ಕೋರ್ಟು ಕೊಟ್ಟ ಉತ್ತರಕ್ಕೆ ‘ಹೆಲ್ಡ್’ ಎನ್ನುತ್ತಾರೆ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ ಎಂದು 141ನೇ ವಿಧಿ ಹೇಳುವುದು ಇಂಥ ಉತ್ತರಗಳ ಬಗ್ಗೆ. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6 ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದು ‘ಹೆಲ್ಡ್’. ನಮ್ಮ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ 1994ರಲ್ಲಿ, ಸರ್ಕಾರದ ಬಹುಮತ ಪರೀಕ್ಷೆಯಾಗಬೇಕಾದದ್ದು ಸದನದಲ್ಲಿ ಎಂದು ‘ಹೆಲ್ಡ್’. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ‘ಹೆಲ್ಡ್’. ಈ ಮೂರರಲ್ಲಿ ಯಾವುದಕ್ಕಾದರೂ ‘ಅಭಿಪ್ರಾಯಪಟ್ಟಿತು’ ಹಾಕಿ ಓದಿ ನೋಡಿ, ತೀರ್ಪಿನ ಬೆನ್ನೆಲುಬೇ ಮುರಿದುಬೀಳುತ್ತದೆ. ‘ತೀರ್ಪು ನೀಡಿತು’, ‘ತೀರ್ಪಿನಲ್ಲಿ ಸ್ಪಷ್ಟಪಡಿಸಿತು’, ‘ತೀರ್ಮಾನಿಸಿತು’ ಬಳಸಿ. ‘ಅಬ್ಸರ್ವ್ಡ್’ಗೆ ‘ಹೇಳಿತು’ ಸಾಕು. ವಿಚಾರಣೆಯ ನಡುವಿನ ಮಾತಾದರೆ ‘ಮೌಖಿಕವಾಗಿ’ ಎಂದು ಸೇರಿಸಿ.

‘ಅಭಿಪ್ರಾಯ’ ನಿಜಕ್ಕೂ ಸಲ್ಲುವ ಜಾಗವೊಂದಿದೆ. 143ನೇ ವಿಧಿಯಡಿ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಬಹುದು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ಎದುರಿಸಲು ಕರ್ನಾಟಕ 1991ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯ ಬಗ್ಗೆ ಹಾಗೆ ಕೇಳಲಾಯಿತು, ಅದು ರಾಜ್ಯದ ಅಧಿಕಾರ ಮೀರಿದ್ದು ಎಂಬ ಅಭಿಪ್ರಾಯ ಆ ವರ್ಷದ ನವೆಂಬರ್ 22ರಂದು ಬಂತು. ಅಲ್ಲಿ ಧಾರಾಳವಾಗಿ ‘ಅಭಿಪ್ರಾಯಪಟ್ಟಿತು’ ಬರೆಯಿರಿ.

‘ಹೆಲ್ಡ್ ಗಿಲ್ಟಿ’ ಎಂದರೆ ದೋಷಿ ಎಂಬ ತೀರ್ಮಾನ ಮಾತ್ರ. ಶಿಕ್ಷೆ ಆಮೇಲಿನ ಮಾತು. ವಕೀಲ ಪ್ರಶಾಂತ್ ಭೂಷಣ್ ಅವರನ್ನು ನ್ಯಾಯಾಂಗ ನಿಂದನೆಯಲ್ಲಿ ಸುಪ್ರೀಂ ಕೋರ್ಟ್ ದೋಷಿ ಎಂದದ್ದು 2020ರ ಆಗಸ್ಟ್ 14ರಂದು. ಒಂದು ರೂಪಾಯಿ ದಂಡ ವಿಧಿಸಿದ್ದು ಆಗಸ್ಟ್ 31ರಂದು. ಮೊದಲ ದಿನವೇ ‘ಶಿಕ್ಷೆ’ ಎಂದು ಬರೆದಿದ್ದರೆ ಎರಡು ವಾರ ಅವಸರವಾಗಿರುತ್ತಿತ್ತು.

ನಾಲ್ಕನೆಯದು: ನಡೆಯುವ ಸಂಗತಿಗಳು

ಸುಲಭದ್ದು, ಆದರೆ ಭಾಷೆ ಇಲ್ಲೇ ಹೆಚ್ಚು ಕೆಡುತ್ತದೆ. ‘ದ ಮೀಟಿಂಗ್ ವಾಸ್ ಹೆಲ್ಡ್’ ನೋಡಿ ‘ಸಭೆಯನ್ನು ನಡೆಸಲಾಯಿತು’ ಎನ್ನುತ್ತೇವೆ. ‘ಸಭೆ ನಡೆಯಿತು’ ಎಂದರೆ ಏನು ಕಡಿಮೆಯಾಯಿತು? ಯಾರು ನಡೆಸಿದರು ಎಂಬುದು ಮುಖ್ಯವಾದರೆ ಅವರ ಹೆಸರು ಹಾಕಿ, ಮುಖ್ಯವಲ್ಲದಿದ್ದರೆ ‘-ಲಾಯಿತು’ ಯಾಕೆ?

ಎಲ್ಲವನ್ನೂ ‘ನಡೆ’ಗೆ ಕಟ್ಟಬೇಕಿಲ್ಲ. ಸಂತೆ ಸೇರುತ್ತದೆ, ರಥೋತ್ಸವ ಜರುಗುತ್ತದೆ, ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸಮಾವೇಶಗೊಳ್ಳುತ್ತದೆ. ಕೆಲವು ಕಡೆ ಕ್ರಿಯಾಪದವೇ ಬೇಡ. ‘ಹೆಲ್ಡ್ ಎ ಪ್ರೆಸ್ ಕಾನ್ಫರೆನ್ಸ್ ಅಂಡ್ ಸೆಡ್’ ಎಂಬ ಸರಪಳಿಗೆ ‘ಸುದ್ದಿಗೋಷ್ಠಿಯಲ್ಲಿ ಹೇಳಿದರು’ ಸಾಕು. ಚುನಾವಣೆಯ ಸುದ್ದಿಯಲ್ಲಿ ಒಂದೇ ಎಚ್ಚರ: ‘ಪೋಲ್ಸ್ ಹೆಲ್ಡ್ ಆನ್ ಮೇ 10’ ಎಂದಿದ್ದರೆ ಅದು ಮತದಾನದ ದಿನ. 2023ರಲ್ಲಿ ನಮ್ಮ 224 ಕ್ಷೇತ್ರಗಳಿಗೆ ಮೇ 10ರಂದು ಮತದಾನ, 13ರಂದು ಎಣಿಕೆ ನಡೆಯಿತು. ‘ಚುನಾವಣೆ’ ಎಂಬುದು ಈ ಎರಡನ್ನೂ ನಾಮಪತ್ರವನ್ನೂ ಒಳಗೊಂಡ ದೊಡ್ಡ ಪದ.

ಐದನೆಯದು: ಹೊಂದಿರುವುದು, ಉಳಿಸಿಕೊಳ್ಳುವುದು

‘ಹೆಲ್ಡ್ ಪವರ್ ಫಾರ್ ಫೈವ್ ಇಯರ್ಸ್’ ಎಂಬುದನ್ನು ‘ಐದು ವರ್ಷ ಅಧಿಕಾರ ಹಿಡಿದಿದ್ದರು’ ಎಂದು ಬರೆದವರಿದ್ದಾರೆ. ಕನ್ನಡದಲ್ಲಿ ಅಧಿಕಾರ ಹಿಡಿಯುವುದು ಒಂದು ಕ್ಷಣದ ಕೆಲಸ, ಕುರ್ಚಿಗೆ ಏರಿದ ಕ್ಷಣದ್ದು. ಏರಿದ ಮೇಲೆ ‘ಅಧಿಕಾರದಲ್ಲಿದ್ದರು’. ಖಾತೆಯ ವಿಷಯದಲ್ಲಿ ‘ಹಣಕಾಸು ಖಾತೆಯನ್ನೂ ಹೊಂದಿರುವ’ ನಡೆಯುತ್ತದೆ. ಅಧಿಕಾರಿಯ ‘ಅಡಿಷನಲ್ ಚಾರ್ಜ್’ಗೆ ‘ಹೆಚ್ಚುವರಿ ಹೊಣೆ’. ದಾಖಲೆಗೆ ಮಾತ್ರ ‘ಹೊಂದಿದ್ದಾರೆ’ಗಿಂತ ಚೆಂದದ ಮಾತಿದೆ: ಟೆಸ್ಟ್‌ನಲ್ಲಿ ಭಾರತದ ಪರ ಅತಿ ಹೆಚ್ಚು, 619 ವಿಕೆಟ್ ಪಡೆದ ದಾಖಲೆ ಅನಿಲ್ ಕುಂಬ್ಳೆ ಹೆಸರಿನಲ್ಲಿದೆ.

ಚುನಾವಣಾ ಫಲಿತಾಂಶದ ಪಟ್ಟಿಯಲ್ಲಿ, ಅದರಲ್ಲೂ ಬ್ರಿಟನ್ನಿನ ಸುದ್ದಿಗಳಲ್ಲಿ, ‘ಹೋಲ್ಡ್’ ಎದುರು ‘ಗೇನ್’ ಇರುತ್ತದೆ. ಇದ್ದ ಸ್ಥಾನ ಉಳಿಸಿಕೊಂಡರೆ ಹೋಲ್ಡ್, ಬೇರೆಯವರದನ್ನು ಕಿತ್ತುಕೊಂಡರೆ ಗೇನ್. ನಮ್ಮ 2024ರ ನವೆಂಬರ್ ಉಪಚುನಾವಣೆಯನ್ನು ಅದೇ ಲೆಕ್ಕದಲ್ಲಿ ಹೇಳುವುದಾದರೆ ಕಾಂಗ್ರೆಸ್ ಸಂಡೂರನ್ನು ಉಳಿಸಿಕೊಂಡಿತು, ಶಿಗ್ಗಾವಿಯನ್ನು ಬಿಜೆಪಿಯಿಂದಲೂ ಚನ್ನಪಟ್ಟಣವನ್ನು ಜೆಡಿಎಸ್‌ನಿಂದಲೂ ಕಿತ್ತುಕೊಂಡಿತು. ‘ಮೂರರಲ್ಲೂ ಗೆಲುವು’ ಎನ್ನುವುದು ಸುಳ್ಳಲ್ಲ, ಆದರೆ ಸುದ್ದಿಯ ಸ್ವಾರಸ್ಯ ಈ ವ್ಯತ್ಯಾಸದಲ್ಲಿದೆ.

ಆರನೆಯದು: ಅಲುಗಾಡದೆ ನಿಂತದ್ದು

ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿಯಲ್ಲಿ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರ) ಶೇ 6.5ಕ್ಕೆ ಏರಿಸಿ, ಆಮೇಲೆ 2025ರ ಫೆಬ್ರುವರಿಯಲ್ಲಿ ಶೇ 6.25ಕ್ಕೆ ಇಳಿಸುವವರೆಗೆ ಪ್ರತಿ ಸಭೆಯಲ್ಲೂ ‘ಹೆಲ್ಡ್’. ಕನ್ನಡದ ಪತ್ರಿಕೆಗಳು ಇದಕ್ಕೆ ‘ಯಥಾಸ್ಥಿತಿ’ ಎಂಬ ಪದವನ್ನು ನೆಚ್ಚಿಕೊಂಡಿವೆ. ‘ರೆಪೊ ದರ ಬದಲಿಲ್ಲ’ ಎಂದರೆ ಸಾಲದ ಕಂತು ಕಟ್ಟುವವರಿಗೆ ಬೇಗ ಮುಟ್ಟುತ್ತದೆ. ‘ಸೀಸ್‌ಫೈರ್ ಹೋಲ್ಡ್ಸ್’ ಎಂದರೆ ಕದನ ವಿರಾಮ ಮುರಿದಿಲ್ಲ. ಷೇರು ದಲ್ಲಾಳಿಗಳ ‘ಹೋಲ್ಡ್’ ಶಿಫಾರಸಿಗೆ ‘ಮಾರಬೇಡಿ, ಇಟ್ಟುಕೊಳ್ಳಿ’.

ಜಲಾಶಯದ ಸುದ್ದಿಗೆ ಬಂದರೆ ಕನ್ನಡದ ‘ಹಿಡಿ’ಗೆ ಕೊನೆಗೂ ಕೆಲಸ ಸಿಗುತ್ತದೆ. ಬಿಂದಿಗೆ ಎಷ್ಟು ಹಿಡಿಯುತ್ತದೆ ಎಂದು ಕೇಳುವ ನಾವು, ಕೆಆರ್‌ಎಸ್ 49.45 ಟಿಎಂಸಿ ಅಡಿ ನೀರು ಹಿಡಿಯುತ್ತದೆ ಎಂದೂ ಹೇಳಬಹುದು. ‘ಸಂಗ್ರಹ ಸಾಮರ್ಥ್ಯ ಹೊಂದಿದೆ’ ಎಂಬುದು ನೀರಾವರಿ ಇಲಾಖೆಯ ಭಾಷೆ. ಆದರೆ ‘ದ ಗೇಟ್ ಹೆಲ್ಡ್’ ಎಂದರೆ ಅಳತೆಯಲ್ಲ, ತಾಳಿಕೆ. ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದ ಮೇಲೆ ಅಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿದರು. ಹರಿವ ನೀರಿನ ಒತ್ತಡಕ್ಕೆ ಅಂಥದೊಂದು ತಡೆ ‘ಹೆಲ್ಡ್’ ಎಂದು ಇಂಗ್ಲಿಷಿನಲ್ಲಿದ್ದರೆ ‘ತಡೆದು ನಿಂತಿತು’ ಎನ್ನಬೇಕು.

ಏಳನೆಯದು: ಆಟದ ಪುಟ

ಕ್ಯಾಚ್ ‘ಹೆಲ್ಡ್’ ಎಂದರೆ ಹಿಡಿದರು, ತಕರಾರಿಲ್ಲ. ಟೆನಿಸ್‌ನ ‘ಹೆಲ್ಡ್ ಸರ್ವ್’ ತನ್ನ ಸರ್ವ್‌ನ ಗೇಮನ್ನು ಉಳಿಸಿಕೊಂಡದ್ದು. ಗೊಂದಲ ಮಾಡುವುದು ‘ಹೆಲ್ಡ್ ಟು ಎ ಡ್ರಾ’. 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅಮೆರಿಕ ಇಂಗ್ಲೆಂಡನ್ನು 0–0ಗೆ ‘ಹೆಲ್ಡ್’. ಸ್ಕೋರು ಸಮವಾದರೂ ಕ್ರಿಯಾಪದ ಒಂದು ಕಡೆ ವಾಲಿದೆ: ಗೆಲ್ಲಬೇಕಿದ್ದವರು ಇಂಗ್ಲೆಂಡಿನವರು, ತಡೆದವರು ಅಮೆರಿಕದವರು. ‘ಇಂಗ್ಲೆಂಡ್ ಗೆಲುವಿಗೆ ಅಮೆರಿಕ ಅಡ್ಡಿ’ ಎಂದರೆ ಆ ವಾಲು ಉಳಿಯುತ್ತದೆ, ‘ಪಂದ್ಯ ಡ್ರಾ’ ಎಂದರೆ ಅಳಿಸಿಹೋಗುತ್ತದೆ. ‘ಹೆಲ್ಡ್ ಔಟ್’ ಎಂಬುದಕ್ಕೆ 2021ರ ಜನವರಿಯ ಸಿಡ್ನಿ ಟೆಸ್ಟ್ ನೆನೆಯಿರಿ. ಸ್ನಾಯು ನೋವಿನಲ್ಲೇ 161 ಎಸೆತ ಆಡಿ 23 ಗಳಿಸಿದ ಹನುಮ ವಿಹಾರಿ, ಜತೆಗೆ ಅಶ್ವಿನ್. ಕಚ್ಚಿಕೊಂಡು ನಿಂತರು ಎನ್ನುತ್ತೇವಲ್ಲ, ಅದು.

ಎಂಟನೆಯದು: ಬಾಲ ಮತ್ತು ಕೊಂಬು

‘ಅಪ್‌ಹೆಲ್ಡ್’ಗೆ ಎತ್ತಿಹಿಡಿಯಿತು, ‘ವಿತ್‌ಹೆಲ್ಡ್’ಗೆ ತಡೆಹಿಡಿಯಿತು. ಸುದ್ದಿಗನ್ನಡ ಈ ಜೋಡಿಯನ್ನು ಚೆನ್ನಾಗಿ ಪಳಗಿಸಿದೆ. 370ನೇ ವಿಧಿ ರದ್ದತಿಯನ್ನು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 11ರಂದು ಎತ್ತಿಹಿಡಿಯಿತು. ನೆನಪಿಡಬೇಕಾದದ್ದು, ಎತ್ತಿಹಿಡಿಯಲು ಮೊದಲೇ ಒಂದು ನಿರ್ಧಾರವೋ ಕೆಳಗಿನ ಕೋರ್ಟಿನ ತೀರ್ಪೋ ಇರಬೇಕು. ಹೊಸದಾಗಿ ಕೊಟ್ಟ ತೀರ್ಪನ್ನು ಯಾರೂ ಎತ್ತಿಹಿಡಿಯುವುದಿಲ್ಲ. ‘ನೇಮ್ ವಿತ್‌ಹೆಲ್ಡ್’ ಎಂದಿರುವಲ್ಲಿ ‘ಹೆಸರು ತಡೆಹಿಡಿಯಲಾಗಿದೆ’ ಎಂದು ಬರೆಯುವ ಬದಲು ಹೆಸರನ್ನೇ ಬರೆಯದಿದ್ದರೆ ಆಯಿತು, ಬೇಕಿದ್ದರೆ ‘ಹೆಸರು ಬದಲಿಸಿದೆ’ ಎಂಬ ಸಾಲು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ.

ರಾಜ್ಯಪಾಲರು ಮಸೂದೆಯನ್ನು ‘ಹೆಲ್ಡ್ ಅಪ್’ ಮಾಡುವುದಕ್ಕೂ ‘ವಿತ್‌ಹೆಲ್ಡ್ ಅಸೆಂಟ್’ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಕಡತ ಮೇಜಿನ ಮೇಲೆ ಕೂತಿರುವುದು. ಎರಡನೆಯದು 200ನೇ ವಿಧಿಯಲ್ಲಿ ಹೇಳಿರುವ ಕ್ರಮ, ಅಂಕಿತ ನಿರಾಕರಣೆ. ಹೆದ್ದಾರಿಯ ‘ಹೋಲ್ಡ್ ಅಪ್’ ಸಂಚಾರ ಅಡಚಣೆ, ಬ್ಯಾಂಕಿನ ‘ಹೋಲ್ಡ್ ಅಪ್’ ಪಿಸ್ತೂಲು ತೋರಿಸಿ ಮಾಡಿದ ದರೋಡೆ.

ಕಡೆಯದಾಗಿ ಒಂದು ಕಾಪಿ

ಅಭ್ಯಾಸಕ್ಕೆಂದು ಕಟ್ಟಿದ ಒಂದು ಪ್ಯಾರಾ ಇದು. ಇಂಗ್ಲಿಷ್ ಕಾಪಿಯಲ್ಲಿ ಹೀಗಿದೆ ಎಂದುಕೊಳ್ಳಿ: ‘ಟಾಕ್ಸ್ ಹೆಲ್ಡ್ ಬಿಟ್ವೀನ್ ದ ಮಿನಿಸ್ಟರ್ ಅಂಡ್ ಯೂನಿಯನ್ ಲೀಡರ್ಸ್ ಫೇಲ್ಡ್. ದ ಮಿನಿಸ್ಟರ್, ಹೂ ಆಲ್ಸೋ ಹೋಲ್ಡ್ಸ್ ದ ಲೇಬರ್ ಪೋರ್ಟ್‌ಫೋಲಿಯೊ, ಹೆಲ್ಡ್ ದ ಲೀಡರ್ಸ್ ರೆಸ್ಪಾನ್ಸಿಬಲ್. ದ ಹೈಕೋರ್ಟ್ ಹ್ಯಾಡ್ ಹೆಲ್ಡ್ ದ ಸ್ಟ್ರೈಕ್ ಇಲ್ಲೀಗಲ್. ಟ್ವೆಲ್ವ್ ವರ್ಕರ್ಸ್ ವರ್ ಹೆಲ್ಡ್.’

ಕನ್ನಡದಲ್ಲಿ: ‘ಸಚಿವರು ಮತ್ತು ಕಾರ್ಮಿಕ ಮುಖಂಡರ ನಡುವಿನ ಮಾತುಕತೆ ವಿಫಲವಾಗಿದೆ. ಇದಕ್ಕೆ ಮುಖಂಡರೇ ಹೊಣೆ ಎಂದು ಕಾರ್ಮಿಕ ಖಾತೆಯನ್ನೂ ಹೊಂದಿರುವ ಸಚಿವರು ದೂರಿದ್ದಾರೆ. ಮುಷ್ಕರ ಕಾನೂನುಬಾಹಿರ ಎಂದು ಹೈಕೋರ್ಟ್ ಈ ಮೊದಲೇ ತೀರ್ಪು ನೀಡಿತ್ತು. ಹನ್ನೆರಡು ಕಾರ್ಮಿಕರನ್ನು ಪೊಲೀಸರು ವಶಕ್ಕೆ ಪಡೆದಿದ್ದಾರೆ.’

ಐದು ‘ಹೆಲ್ಡ್’ಗಳಲ್ಲಿ ಮೊದಲನೆಯದಕ್ಕೆ ಕನ್ನಡದಲ್ಲಿ ಪದವೇ ಬೇಕಾಗಲಿಲ್ಲ. ಮೂರನೆಯದಕ್ಕೆ ‘ದೂರಿದ್ದಾರೆ’ ಬಂತು, ಯಾಕೆಂದರೆ ಹೊಣೆ ಹೊರಿಸಿದವರು ಜಗಳದ ಒಂದು ಪಕ್ಷ. ಅದೇ ಮಾತನ್ನು ತನಿಖಾ ಆಯೋಗ ಹೇಳಿದ್ದರೆ ‘ತೀರ್ಮಾನಿಸಿದೆ’ ಎನ್ನಬೇಕಿತ್ತು. ನಾಲ್ಕನೆಯದು ಅಂತಿಮ ತೀರ್ಪೋ ಮಧ್ಯಂತರ ಆದೇಶವೋ ಎಂದು ಕೋರ್ಟು ವರದಿಗಾರರನ್ನು ಕೇಳಿ. ಮಧ್ಯಂತರವಾದರೆ ‘ಮೇಲ್ನೋಟಕ್ಕೆ’ ಸೇರಬಹುದು. ಐದನೆಯದಕ್ಕೆ ಪೊಲೀಸ್ ಬೀಟಿನವರಿಗೆ ಫೋನ್ ಮಾಡಿ. ಹನ್ನೆರಡು ಮಂದಿಯೂ ಠಾಣೆಯಲ್ಲಿದ್ದಾರೋ, ಮನೆಗೆ ಹೋದರೋ, ಎಫ್‌ಐಆರ್ ಆಗಿದೆಯೋ ಕೇಳಿಕೊಳ್ಳಿ. ಉತ್ತರ ಬರುವ ಹೊತ್ತಿಗೆ ಮೊದಲ ಎಡಿಷನ್ ಹೋಗಿದ್ದರೆ ಸಿಟಿ ಎಡಿಷನ್‌ನಲ್ಲಿ ಬದಲಿಸಿ.